ಕಿವಿಯ ಕೆಳಗಿನ ಗಂಟು ಏಳು ತಿಂಗಳಾದರೂ ಹೋಗಿಲ್ಲ, ಮಗಳಿಗೆ ಏನಾಗಿದೆ ಡಾಕ್ಟ್ರೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಮಗಳಿಗೆ 9 ವರ್ಷ. ಏಳು ತಿಂಗಳ ಹಿಂದೆ ತಲೆ ಬಾಚುವಾಗ ಎಡಗಿವಿಯ ಕೆಳಗೆ ಒಂದು ಗಂಟು ನನ್ನ ಕೈಗೆ ಸಿಕ್ಕಿತು. ಆಗ ಕಡಲೆಕಾಳಿನಷ್ಟಿತ್ತು, ಈಗ ಸಣ್ಣ ಬೋರೆಹಣ್ಣಿನಷ್ಟಾಗಿದೆ. ನೋವಿಲ್ಲ, ಜ್ವರ ಬಂದಿಲ್ಲ, ಊಟ ಚೆನ್ನಾಗಿ ಮಾಡುತ್ತಾಳೆ. ನಮ್ಮ ಅತ್ತೆಯವರು ಮಂಗನಬಾವು ಅಂತ ಹೇಳಿ ಸುಣ್ಣ, ಅರಿಶಿನದ ಪಟ್ಟು ಹಾಕಿದರು. ಇಲ್ಲಿನ ಡಾಕ್ಟರು ಎರಡು ಸಲ ಆಂಟಿಬಯಾಟಿಕ್ ಕೊಟ್ಟರು, ಕಡಿಮೆಯಾಗಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಪೆರೋಟಿಡ್ ಗ್ರಂಥಿಯೊಳಗೆ 18 ಮಿಲಿಮೀಟರಿನ ಗಡ್ಡೆ ಅಂತ ಬಂತು. ಸೂಜಿ ಪರೀಕ್ಷೆಯಲ್ಲಿ "ಮಿಲಾನ್ 4ಬಿ" ಅಂತ ಬರೆದಿದ್ದಾರೆ. ಒಬ್ಬ ಡಾಕ್ಟರು ಸಣ್ಣದಾಗಿ ಕೊಯ್ದು ಚೂರು ತೆಗೆದು ಬಯಾಪ್ಸಿಗೆ ಕಳಿಸೋಣ ಎನ್ನುತ್ತಾರೆ. ಇನ್ನೊಬ್ಬರು ಹಾಗೆ ಮಾಡಲೇಬಾರದು, ದೊಡ್ಡ ಆಪರೇಷನ್ ಬೇಕು, ಮುಖದ ನರ ಅಲ್ಲೇ ಇದೆ ಎಂದು ಹೆದರಿಸಿದರು. ನೆಂಟರು ಸೂಜಿ ಚುಚ್ಚಿಸಿದ್ದೇ ತಪ್ಪು, ಈಗ ಹರಡುತ್ತೆ ಅಂತಾರೆ. ಮೊಬೈಲ್ ಜಾಸ್ತಿ ನೋಡುತ್ತಾಳೆ, ಅದರಿಂದ ಬಂತಾ? ಹೆಣ್ಣುಮಗು, ಮುಖ ಸೊಟ್ಟಗಾದರೆ ಗತಿಯೇನು? ಸ್ವಲ್ಪ ದೊಡ್ಡವಳಾಗುವವರೆಗೆ ಕಾಯಬಹುದಾ? ಅವಳು "ಇದೇನಮ್ಮ" ಅಂತ ಕೇಳಿದರೆ ಏನು ಹೇಳಬೇಕು ಅನ್ನುವುದೂ ತಿಳಿಯುತ್ತಿಲ್ಲ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗಂಟು ಕಂಡಿದ್ದು ಯಾವಾಗ, ಆಗೆಷ್ಟಿತ್ತು, ಈಗೆಷ್ಟಿದೆ, ಏನೇನು ಔಷಧಿ ಆಯಿತು, ಎಲ್ಲ ಬರೆದಿದ್ದೀರಿ. ಬಹಳ ಮಂದಿ "ಸುಮಾರು ದಿನದಿಂದ ಇದೆ ಸಾರ್" ಅಂತಷ್ಟೇ ಹೇಳುತ್ತಾರೆ. ನಿಮ್ಮ ಈ ನಾಲ್ಕು ಸಾಲಿನಲ್ಲೇ ಅರ್ಧ ರೋಗಪತ್ತೆ ಇದೆ.

ನಿಮ್ಮನ್ನು ಕಾಡುತ್ತಿರುವುದು ಎರಡು ಭಯ. ಇದು ಕ್ಯಾನ್ಸರಾ ಎನ್ನುವುದು ಒಂದು, ಕೈ ಹಾಕಿದರೆ ಮುಖ ಕೆಡುತ್ತದಾ ಎನ್ನುವುದು ಇನ್ನೊಂದು. ಒಂದು ಭಯ ಬೇಗ ಹೋಗು ಎನ್ನುತ್ತದೆ, ಇನ್ನೊಂದು ಬೇಡ ಎನ್ನುತ್ತದೆ. ನಡುವೆ ಏಳು ತಿಂಗಳು ಕಳೆದಿದೆ. ನಾನು ಕಿವಿ, ಮೂಗು, ಗಂಟಲಿನ ಸರ್ಜನ್. ತಲೆ ಮತ್ತು ಕುತ್ತಿಗೆಯ ಗಡ್ಡೆಗಳ ಆಪರೇಷನ್ನೇ ನನ್ನ ದಿನನಿತ್ಯದ ಕೆಲಸ. ಮಗುವನ್ನು ಕಣ್ಣಾರೆ ನೋಡದೆ ಇದೇ ರೋಗ ಎಂದು ನಾನು ಹೇಳಲಾರೆ. ಆದರೆ ನೀವು ಕೊಟ್ಟ ವಿವರದ ಮೇಲೆ ದಾರಿ ಯಾವುದು ಅನ್ನುವುದನ್ನು ಹೇಳಬಲ್ಲೆ.

ಮೊದಲು ಮಂಗನಬಾವಿನ ಮಾತು ಮುಗಿಸೋಣ. ಅತ್ತೆಯವರನ್ನು ದೂರಬೇಡಿ, ಮಕ್ಕಳ ಕಿವಿ ಕೆಳಗೆ ಊದಿದರೆ ಯಾರಿಗಾದರೂ ಮೊದಲು ಹೊಳೆಯುವುದು ಅದೇ. ಕೆಲವು ಕಡೆ ಗದ್ದಬಾವು, ಕೆಪ್ಪಟೆ ಅಂತಲೂ ಕರೆಯುತ್ತಾರೆ. ಆದರೆ ಮಂಗನಬಾವಿನಲ್ಲಿ ಇಡೀ ಗ್ರಂಥಿ ಊದುತ್ತದೆ, ಬೆರಳಿಗೆ ಸಿಗುವ ಗೋಲಿಯಂಥ ಗಂಟು ಆಗುವುದಿಲ್ಲ. ಕಿವಿಯ ಹಾಲೆ ಮೇಲಕ್ಕೆದ್ದು ನಿಲ್ಲುತ್ತದೆ. ಜ್ವರ, ಅಗಿಯುವಾಗ ನೋವು, ಹುಳಿ ತಿಂದರೆ ಜುಮ್ಮೆನ್ನುವುದು, ಎಷ್ಟೋ ಸಲ ಎರಡು ದಿನ ಬಿಟ್ಟು ಇನ್ನೊಂದು ಕಡೆಯೂ ಊದುವುದು. ಒಂದು ವಾರ, ಹತ್ತು ದಿನ, ಅಷ್ಟೇ. ಏಳು ತಿಂಗಳು ಕೂತಿರುವ ಮಂಗನಬಾವು ಅಂತ ಒಂದಿಲ್ಲ. ಅಂದ ಹಾಗೆ, ಸರ್ಕಾರದ ಉಚಿತ ಲಸಿಕೆ ಪಟ್ಟಿಯಲ್ಲಿ ದಡಾರ ಮತ್ತು ರುಬೆಲ್ಲಾಕ್ಕೆ ಲಸಿಕೆ ಇದೆ, ಮಂಗನಬಾವಿಗೆ ಇಲ್ಲ. ಮಕ್ಕಳ ಡಾಕ್ಟರ ಹತ್ತಿರ ಎಂಎಂಆರ್ ಹಾಕಿಸಿದ್ದರೆ ಮಾತ್ರ ಮೂರೂ ಸೇರಿರುತ್ತದೆ. ನಿಮ್ಮ ಮಗಳ ಕಾರ್ಡ್ ಒಮ್ಮೆ ನೋಡಿ. ಈ ಗಂಟಿಗೂ ಅದಕ್ಕೂ ಸಂಬಂಧವಿಲ್ಲ, ಸುಮ್ನೆ ನೆನಪಾಯಿತು, ಹೇಳಿದೆ. ಮತ್ತೆ ಆ ಸುಣ್ಣದ ಪಟ್ಟು ಇನ್ನು ಬೇಡ. ಚರ್ಮ ಸುಟ್ಟು ಕೆಂಪಾದರೆ ಆಪರೇಷನ್ನಿನ ಗಾಯ ಹಾಕಬೇಕಾದ ಜಾಗವೇ ಹಾಳಾಗುತ್ತದೆ.

ಇನ್ನು ಈ ಗ್ರಂಥಿಯ ಬಗ್ಗೆ. ಬಾಯಲ್ಲಿ ಜೊಲ್ಲು ಸುರಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ. ಕಿವಿಯ ಮುಂದೆ ಮತ್ತು ಕೆಳಗೆ ಪೆರೋಟಿಡ್, ದವಡೆಯ ಅಡಿಯಲ್ಲಿ ಒಂದು, ನಾಲಿಗೆಯ ಅಡಿಯಲ್ಲಿ ಒಂದು. ಇದಲ್ಲದೆ ತುಟಿ, ಕೆನ್ನೆಯ ಒಳಗೆ, ಅಂಗುಳಿನಲ್ಲಿ ತೀರಾ ಸಣ್ಣವು ನೂರಾರು ಇವೆ. ಪೆರೋಟಿಡ್‌ಗೆ ಒಂದು ವಿಶೇಷವಿದೆ. ತಾಯಿಯ ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಇದಕ್ಕೆ ಹೊದಿಕೆ ಬೀಳುವುದು ತಡ. ಅಷ್ಟರಲ್ಲಿ ಕೆಲವು ಹಾಲುಗಡ್ಡೆಗಳು, ಅಂದರೆ ಲಿಂಫ್ ಗ್ರಂಥಿಗಳು, ಒಳಗೇ ಸಿಕ್ಕಿಕೊಂಡಿರುತ್ತವೆ. ಹಾಗಾಗಿ ತಲೆಯಲ್ಲಿ ಹೇನು ಕಡಿದು ಹುಣ್ಣಾದರೂ ಈ ಗ್ರಂಥಿಯೊಳಗೆ ಒಂದು ಗಂಟು ಏಳಬಹುದು. ಕ್ಷಯರೋಗ ಕೂಡ ಇಲ್ಲಿ ಬಂದು ಕೂರಬಹುದು, ನಮ್ಮ ದೇಶದಲ್ಲಿ ಅದನ್ನು ಮರೆಯುವ ಹಾಗೇ ಇಲ್ಲ.

ಅಂದರೆ ಮಕ್ಕಳಲ್ಲಿ ಇಲ್ಲಿ ಕಾಣುವ ಊತಗಳಲ್ಲಿ ಹೆಚ್ಚಿನವು ಗಡ್ಡೆಯೇ ಅಲ್ಲ, ಸೋಂಕಿನವು. ವರ್ಷಕ್ಕೆ ಮೂರ್ನಾಲ್ಕು ಸಲ ಊದಿ, ತಾನಾಗೇ ಇಳಿದು, ಮತ್ತೆ ಊದುವ ಮಕ್ಕಳಿದ್ದಾರೆ. ಸಾಮಾನ್ಯವಾಗಿ ಮೂರರಿಂದ ಆರು ವರ್ಷಕ್ಕೆ ಶುರುವಾಗುತ್ತದೆ, ಗಂಡುಮಕ್ಕಳಲ್ಲಿ ಸ್ವಲ್ಪ ಜಾಸ್ತಿ. ಕೆನ್ನೆ ಒತ್ತಿದರೆ ಬಾಯೊಳಗಿನ ರಂಧ್ರದಿಂದ ಮೊಸರಿನ ಚೂರಿನಂಥ ಬಿಳಿ ಕಣಗಳು ಬರುತ್ತವೆ. ಇದಕ್ಕೆ ಆಪರೇಷನ್ ಬೇಡ. ನೀರು ಕುಡಿಸಿ, ಕೆನ್ನೆ ನೀವಿ, ಹುಳಿ ಚೀಪಿಸಿ ದಿನ ದೂಡುತ್ತೇವೆ. ಪ್ರಾಯಕ್ಕೆ ಬರುವ ಹೊತ್ತಿಗೆ ಬಹುಪಾಲು ಮಕ್ಕಳಲ್ಲಿ ತಾನೇ ನಿಂತುಹೋಗುತ್ತದೆ.

ಹಸುಗೂಸಿನಲ್ಲಿ ಇದೇ ಜಾಗ ಊದಿದರೆ ಲೆಕ್ಕವೇ ಬೇರೆ. ಅಲ್ಲಿ ಅತಿ ಸಾಮಾನ್ಯ ಗಡ್ಡೆ ಹೆಮಾಂಜಿಯೋಮ, ಅಂದರೆ ರಕ್ತನಾಳಗಳ ಗಂಟು. ಹುಟ್ಟಿದ ಕೆಲವು ವಾರಕ್ಕೆ ಕಾಣಿಸಿಕೊಂಡು ಭರಭರನೆ ಬೆಳೆದು ಅಪ್ಪ ಅಮ್ಮನ ನಿದ್ದೆ ಕೆಡಿಸುತ್ತದೆ. ಅಳುವಾಗ ಇನ್ನೂ ಉಬ್ಬುತ್ತದೆ. ನೋಡಲು ಭಯಂಕರ, ಸ್ವಭಾವದಲ್ಲಿ ಸಾಧು. ಇದಕ್ಕೆ ಈಗ ಪ್ರೊಪ್ರನಲಾಲ್ ಎನ್ನುವ ಔಷಧಿ ಇದೆ. ಅದು ಹಳೆಯ ಹೃದಯದ ಔಷಧಿ. 2008ರಲ್ಲಿ ಫ್ರಾನ್ಸಿನ ಬೋರ್ಡೋದ ವೈದ್ಯರು ಹೃದಯದ ತೊಂದರೆಗೆಂದು ಒಂದು ಮಗುವಿಗೆ ಕೊಟ್ಟಾಗ ಅದರ ಮುಖದ ಮೇಲಿದ್ದ ಹೆಮಾಂಜಿಯೋಮ ಕರಗಿದ್ದನ್ನು ಗಮನಿಸಿ ಪ್ರಕಟಿಸಿದರು. ಅಲ್ಲಿಂದ ಚಿಕಿತ್ಸೆಯೇ ಬದಲಾಯಿತು. ಹಾಲು ಬಿಟ್ಟಾಗ ಮಗುವಿನ ಸಕ್ಕರೆ ಇಳಿಯದಂತೆ ನೋಡಿಕೊಂಡು, ಡಾಕ್ಟರ ಕಣ್ಗಾವಲಿನಲ್ಲೇ ಕೊಡಬೇಕು. ಅಂಥ ಕೂಸಿಗೆ ಸೂಜಿಯೂ ಬೇಡ, ಕತ್ತಿಯೂ ಬೇಡ. ಅಲ್ಟ್ರಾಸೌಂಡ್ ಸಾಕಾಗುತ್ತದೆ, ಅನುಮಾನವಿದ್ದರೆ ಎಂಆರ್‌ಐ.

ನಿಮ್ಮ ಮಗಳದು ಇದ್ಯಾವುದೂ ಅಲ್ಲ. ಒಂಬತ್ತು ವರ್ಷ. ಒಂದೇ ಗಂಟು. ಗಟ್ಟಿ, ನೋವಿಲ್ಲ. ಇಳಿದು ಏರುವುದಿಲ್ಲ, ನಿಧಾನವಾಗಿ ಬೆಳೆಯುತ್ತಲೇ ಇದೆ. ಆಂಟಿಬಯಾಟಿಕ್‌ಗೆ ಜಗ್ಗಿಲ್ಲ. ಜನ "ನೋವಿಲ್ಲವಲ್ಲ, ಏನೂ ಆಗಲ್ಲ" ಎಂದು ಸಮಾಧಾನ ಮಾಡುತ್ತಾರೆ. ನಮಗೆ ಮಾತ್ರ ನೋವಿಲ್ಲದ ಗಂಟೇ ಜಾಸ್ತಿ ಯೋಚನೆಗೆ ಹಚ್ಚುವುದು. ಸೋಂಕಾದರೆ ಸಾಮಾನ್ಯವಾಗಿ ನೋಯುತ್ತದೆ. ಗಡ್ಡೆ ಸುಮ್ಮನೆ ಬೆಳೆಯುತ್ತದೆ.

ಈಗ ನೇರ ಮಾತು. ಜೊಲ್ಲುಗ್ರಂಥಿಯ ಗಡ್ಡೆ ಮಕ್ಕಳಲ್ಲಿ ಅಪರೂಪ. ಎಲ್ಲ ವಯಸ್ಸಿನವರ ಇಂಥ ಗಡ್ಡೆಗಳನ್ನು ಒಟ್ಟು ಹಾಕಿದರೆ ಮಕ್ಕಳ ಪಾಲು 100ಕ್ಕೆ 5 ಕೂಡ ಆಗುವುದಿಲ್ಲ. ಆದರೆ ರಕ್ತನಾಳದ ಗಂಟುಗಳನ್ನು ಬದಿಗಿಟ್ಟು ನಿಮ್ಮ ಮಗಳದಂಥ ಗಟ್ಟಿ ಗಡ್ಡೆಗಳನ್ನಷ್ಟೇ ತೆಗೆದುಕೊಂಡರೆ, ಅದು ಕೆಟ್ಟದ್ದಾಗಿರುವ ಸಾಧ್ಯತೆ ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ. ದೊಡ್ಡವರ ಪೆರೋಟಿಡ್ ಗಡ್ಡೆಗಳಲ್ಲಿ ಸುಮಾರು ನಾಲ್ಕೈದರಲ್ಲಿ ಒಂದು ಕ್ಯಾನ್ಸರ್. ಮಕ್ಕಳಲ್ಲಿ ಅದು ಅರ್ಧದ ಹತ್ತಿರಕ್ಕೆ ಬರುತ್ತದೆ. ಇದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳಿದರೆ ತಪ್ಪಾಗುತ್ತದೆ. ಕಾಯಬಹುದಾ ಅಂತ ಕೇಳಿದ್ದಿರಲ್ಲ, ಕಾಯಬೇಡಿ ಎನ್ನಲು ಇದೇ ಕಾರಣ.

ಅದೇ ಉಸಿರಿನಲ್ಲಿ ಇನ್ನೊಂದು ಮಾತೂ ಹೇಳಬೇಕು. ಮಕ್ಕಳಲ್ಲಿ ಇಲ್ಲಿ ಬರುವ ಕ್ಯಾನ್ಸರ್‌ಗಳಲ್ಲಿ ಮೊದಲ ಸ್ಥಾನ ಮ್ಯೂಕೋಎಪಿಡರ್ಮಾಯ್ಡ್ ಕಾರ್ಸಿನೋಮದ್ದು. ಹೆಸರು ಉದ್ದ, ಆದರೆ ಮಕ್ಕಳಲ್ಲಿ ಬಹುತೇಕ ಇದು ಕೆಳದರ್ಜೆಯದು, ಅಂದರೆ ಮಂದಗತಿಯದು. ಪೂರ್ತಿಯಾಗಿ, ಅಂಚು ಸಹಿತ, ಅಂದರೆ ಸುತ್ತಲಿನ ಸ್ವಲ್ಪ ಒಳ್ಳೆಯ ಭಾಗವನ್ನೂ ಸೇರಿಸಿ ತೆಗೆದರೆ ಹೆಚ್ಚಿನ ಮಕ್ಕಳಿಗೆ ಮತ್ತೇನೂ ಬೇಕಾಗುವುದಿಲ್ಲ. ಐದು ವರ್ಷದ ಲೆಕ್ಕದಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಮಕ್ಕಳು ಬದುಕಿರುತ್ತಾರೆ. ಕ್ಯಾನ್ಸರ್ ಅಲ್ಲದ್ದರಲ್ಲಿ ಸಾಮಾನ್ಯವಾದದ್ದು ಪ್ಲಿಯೋಮಾರ್ಫಿಕ್ ಅಡಿನೋಮ. ಅದು ಸಾದಾ ಗಡ್ಡೆ. ಅದನ್ನೂ ತೆಗೆಯಲೇಬೇಕು, ಯಾಕೆಂದರೆ ಕರಗುವುದಿಲ್ಲ, ಬೆಳೆಯುತ್ತದೆ, ಬಹಳ ವರ್ಷ ಬಿಟ್ಟರೆ ಕೆಲವರಲ್ಲಿ ಕೆಟ್ಟದ್ದಕ್ಕೆ ತಿರುಗುತ್ತದೆ.

ಹಾಗಾದರೆ ಆ "ಮಿಲಾನ್ 4ಬಿ" ಏನು? ಸೂಜಿ ಪರೀಕ್ಷೆಯ ವರದಿಯನ್ನು ಒಬ್ಬೊಬ್ಬ ಪೆಥಾಲಜಿಸ್ಟರು, ಅಂದರೆ ಜೀವಕೋಶ ನೋಡಿ ರೋಗ ಹೇಳುವ ಡಾಕ್ಟರು, ಒಂದೊಂದು ಥರ ಬರೆದು ನಮ್ಮ ತಲೆ ತಿನ್ನುತ್ತಿದ್ದರು. ಇಟಲಿಯ ಮಿಲಾನ್‌ನಲ್ಲಿ 2015ರಲ್ಲಿ ಒಂದೇ ಪದ್ಧತಿಗೆ ಅಡಿಪಾಯ ಹಾಕಿ, 2018ರಲ್ಲಿ ಅದನ್ನು ಪ್ರಕಟಿಸಿದರು. ಒಟ್ಟು ಆರು ದರ್ಜೆ. ಒಂದು ಅಂದರೆ ಮಾಲು ಸಾಲದು, ಮತ್ತೆ ಚುಚ್ಚಿ. ಎರಡು ಅಂದರೆ ಸೋಂಕು ಗೀಂಕು, ಗಡ್ಡೆಯಲ್ಲ. ಹೀಗೆ ಏರುತ್ತಾ ಆರು ಅಂದರೆ ಕ್ಯಾನ್ಸರ್. ದರ್ಜೆಯ ಸಂಖ್ಯೆ ನೋಡಿ "ನಾಲ್ಕನೇ ಸ್ಟೇಜ್" ಎಂದು ಎದೆ ಒಡೆದುಕೊಂಡವರನ್ನು ನೋಡಿದ್ದೇನೆ. ಸ್ಟೇಜ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ನಾಲ್ಕರಲ್ಲಿ ಎರಡು ಭಾಗ. 4ಎ ಅಂದರೆ ಗಡ್ಡೆ ಹೌದು, ಸಾದಾ. 4ಬಿ ಅಂದರೆ ಗಡ್ಡೆ ಹೌದು, ಆದರೆ ಸಾದಾ ಅಥವಾ ಕೆಟ್ಟದ್ದು ಎಂದು ಈ ಜೀವಕೋಶಗಳನ್ನು ನೋಡಿ ಹೇಳಲಾರೆ. ಈ ದರ್ಜೆಯಲ್ಲಿ ಸುಮಾರು ಮೂರರಲ್ಲಿ ಒಂದು ಕೊನೆಗೆ ಕ್ಯಾನ್ಸರ್ ಎಂದು ತಿಳಿಯುತ್ತದೆ. ಆ ಲೆಕ್ಕ ಹೆಚ್ಚಾಗಿ ದೊಡ್ಡವರದು, ಅದೂ ನೆನಪಿರಲಿ.

ಹೇಳಲಾರೆ ಎಂದರೆ ಪೆಥಾಲಜಿಸ್ಟರಿಗೆ ಗೊತ್ತಿಲ್ಲ ಅಂತಲ್ಲ. ದವಸದ ಮಂಡಿಯಲ್ಲಿ ಮೂಟೆಗೆ ಕೊಳವೆ ಚುಚ್ಚಿ ನಾಲ್ಕು ಕಾಳು ಎಳೆದು ನೋಡುತ್ತಾರಲ್ಲ, ಸೂಜಿ ಪರೀಕ್ಷೆ ಹಾಗೆ. ಒಳಗಿರುವುದು ಜೋಳವೋ ಗೋಧಿಯೋ ಅನ್ನುವುದು ತಿಳಿಯುತ್ತದೆ. ಮೂಟೆ ಎಲ್ಲಿ ಹರಿದಿದೆ, ಕಾಳು ಹೊರಗೆ ಚೆಲ್ಲಿದೆಯಾ ಅನ್ನುವುದು ತಿಳಿಯುವುದಿಲ್ಲ. ಕೆಲವು ಜೊಲ್ಲುಗ್ರಂಥಿ ಗಡ್ಡೆಗಳಲ್ಲಿ ಸಾದಾ ಮತ್ತು ಕೆಟ್ಟದ್ದರ ಕೋಶಗಳು ಅಕ್ಕ ತಂಗಿಯರ ಹಾಗೆ ಒಂದೇ ಥರ ಇರುತ್ತವೆ. ಗಡ್ಡೆ ತನ್ನ ಹೊದಿಕೆ ಒಡೆದು ಪಕ್ಕಕ್ಕೆ ನುಗ್ಗಿದೆಯಾ ಎನ್ನುವುದೇ ಅಲ್ಲಿ ವ್ಯತ್ಯಾಸ. ಅದು ಇಡೀ ಗಡ್ಡೆಯನ್ನು ಕತ್ತರಿಸಿ ನೋಡಿದಾಗ ಮಾತ್ರ ಕಾಣುತ್ತದೆ.

ಸೂಜಿ ಚುಚ್ಚಿದರೆ ಹರಡುತ್ತದೆ ಎನ್ನುವುದು ಬಹಳ ಹಳೆಯ ಹೆದರಿಕೆ. ಇದಕ್ಕೆ ಬಳಸುವುದು ತೀರಾ ಸಣ್ಣ ಸೂಜಿ, ರಕ್ತ ತೆಗೆಯುವ ಸೂಜಿಯಷ್ಟೇ ಅಥವಾ ಅದಕ್ಕಿಂತ ಸಪೂರ. ಅಂಥ ಸೂಜಿಯ ದಾರಿಯಲ್ಲಿ ಗಡ್ಡೆ ಬಿತ್ತನೆಯಾಗುವುದು ತೀರಾ ಅಪರೂಪ. ಈ ಮಾತು ಹುಟ್ಟಿದ್ದು ಎಲ್ಲಿಂದ ಎಂದು ನನಗೊಂದು ಅಂದಾಜಿದೆ. ಯಾರಿಗೋ ಸೂಜಿ ಚುಚ್ಚುತ್ತಾರೆ, ಕ್ಯಾನ್ಸರ್ ಅಂತ ಬರುತ್ತದೆ, ಹೆದರಿ ವರ್ಷಗಟ್ಟಲೆ ಮನೆಯಲ್ಲೇ ಕೂರುತ್ತಾರೆ, ರೋಗ ಬೆಳೆಯುತ್ತದೆ. ಊರಿನವರಿಗೆ ನೆನಪಿರುವುದು ಸೂಜಿ ಮಾತ್ರ. ನೀವು ಮಾಡಿಸಿದ್ದು ಸರಿ. ನೆಂಟರ ಮಾತು ಬಿಡಿ.

ಆದರೆ "ಚೂರು ತೆಗೆದು ಕಳಿಸೋಣ" ಎನ್ನುವ ಸಲಹೆ ಇದೆಯಲ್ಲ, ಅದು ಬೇರೆ ವಿಷಯ. ನಾನು ಗಟ್ಟಿಯಾಗಿ ಬೇಡ ಎನ್ನುತ್ತೇನೆ. ಬೇರೆ ಕಡೆಯ ಗಂಟುಗಳಿಗೆ ಇದು ಒಳ್ಳೆಯ ದಾರಿಯೇ, ಆ ಡಾಕ್ಟರ ಉದ್ದೇಶವೂ ಒಳ್ಳೆಯದೇ. ಪೆರೋಟಿಡ್‌ನಲ್ಲಿ ಮಾತ್ರ ಎರಡು ತೊಂದರೆ. ಗ್ರಂಥಿಯ ನಡುವೆ ಮುಖದ ನರ ಕೊಂಬೆ ಒಡೆದು ಹೋಗಿದೆ, ಅದನ್ನು ಗುರುತಿಸದೆ ಸಣ್ಣ ಸಂದಿಯಲ್ಲಿ ಕತ್ತರಿ ಹಾಕಿದರೆ ನರಕ್ಕೇ ಪೆಟ್ಟು. ಎರಡನೆಯದು, ಆ ಸಾದಾ ಗಡ್ಡೆ ಅಂದೆನಲ್ಲ, ಪ್ಲಿಯೋಮಾರ್ಫಿಕ್ ಅಡಿನೋಮ, ಅದರ ಹೊದಿಕೆ ಒಡೆದರೆ ಒಳಗಿನ ಲೋಳೆಯಂಥ ಮಾಲು ಚೆಲ್ಲುತ್ತದೆ, ಚೆಲ್ಲಿದ ಒಂದೊಂದು ಕಣವೂ ಹೊಸ ಗಡ್ಡೆಯಾಗಬಲ್ಲದು.

ಹದಿನಾರು ವರ್ಷದ ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಹತ್ತು ವರ್ಷದವನಿದ್ದಾಗ ಎಲ್ಲೋ ಒಂದು ಕಡೆ "ಸಣ್ಣ ಗಂಟು, ಅರ್ಧ ಗಂಟೆ ಕೆಲಸ" ಎಂದು ಗಂಟನ್ನಷ್ಟೇ ಸಿಪ್ಪೆ ಬಿಡಿಸಿದ ಹಾಗೆ ಕೆತ್ತಿ ತೆಗೆದಿದ್ದರು. ಐದು ವರ್ಷ ಏನೂ ಇರಲಿಲ್ಲ. ಆಮೇಲೆ ಗಾಯದ ಗೆರೆಯ ಉದ್ದಕ್ಕೂ ಮಣಿ ಪೋಣಿಸಿದ ಹಾಗೆ ಎಂಟೋ ಹತ್ತೋ ಸಣ್ಣ ಗಂಟು. ಕ್ಯಾನ್ಸರ್ ಅಲ್ಲ, ಅದೇ ಸಾದಾ ಗಡ್ಡೆಯೇ. ಆದರೆ ಆ ಆಪರೇಷನ್ ನನಗೆ ಆರು ಗಂಟೆ ಹಿಡಿಯಿತು. ನರ ಗಾಯದ ಕಲೆಯಲ್ಲಿ ಹೂತುಹೋಗಿತ್ತು. ಕಣ್ಣು ಮುಚ್ಚುವ ಕೊಂಬೆ ಉಳಿಯಿತು, ಕೆಳತುಟಿಯ ಕೊಂಬೆ ಉಳಿಯಲಿಲ್ಲ. ನಕ್ಕರೆ ಈಗಲೂ ಒಂದು ಕಡೆ ಎಳೆಯುತ್ತದೆ. ಮೊದಲ ಸಲವೇ ಸರಿಯಾಗಿ ಮಾಡಿದ್ದರೆ ಇದಾಗುತ್ತಿರಲಿಲ್ಲ ಅಂತ ಅವನ ತಂದೆಗೆ ಹೇಳಲು ಬಾಯಿ ಬರಲಿಲ್ಲ.

ನಾನೂ ತಪ್ಪು ಮಾಡದವನೇನಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹನ್ನೊಂದು ವರ್ಷದ ಹುಡುಗಿಯ ಗಂಟಿನಿಂದ ಸೂಜಿಯಲ್ಲಿ ನೀರಿನಂಥದ್ದು ಬಂತು. ವರದಿಯಲ್ಲಿ ನೀರುಗುಳ್ಳೆ, ಕೆಟ್ಟ ಕೋಶ ಕಾಣಲಿಲ್ಲ ಎಂದಿತ್ತು. ಗಂಟೂ ಸಣ್ಣದಾಯಿತು. ನಾನೂ ನಿರಾಳವಾಗಿ ಮನೆಗೆ ಕಳಿಸಿದೆ. ಮೂರು ತಿಂಗಳಿಗೆ ಮತ್ತೆ ತುಂಬಿತು, ತೆಗೆದಾಗ ಕೆಳದರ್ಜೆಯ ಮ್ಯೂಕೋಎಪಿಡರ್ಮಾಯ್ಡ್. ಅದು ಹೀಗೇ ನೀರುಗುಳ್ಳೆಯ ವೇಷದಲ್ಲಿ ಬರುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ, ಕಣ್ಣೆದುರು ಬಂದಾಗ ಗುರುತು ಹಿಡಿಯಲಿಲ್ಲ. ಆ ಹುಡುಗಿ ಚೆನ್ನಾಗಿದ್ದಾಳೆ, ಪುಣ್ಯ. ಅಂದಿನಿಂದ ಸೂಜಿ ವರದಿ ಚೆನ್ನಾಗಿ ಬಂದರೂ ಗಂಟು ಉಳಿದಿದ್ದರೆ ನಾನು ವರದಿಯನ್ನು ನಂಬುವುದಿಲ್ಲ, ಬೆರಳನ್ನು ನಂಬುತ್ತೇನೆ.

ಈಗ ನಿಮ್ಮ ಮಗಳಿಗೆ ಮುಂದೇನು? ಅಲ್ಟ್ರಾಸೌಂಡ್ ಆಗಿದೆ. ಮುಂದಿನದು ಎಂಆರ್‌ಐ, ರಕ್ತನಾಳಕ್ಕೆ ಔಷಧಿ ಕೊಟ್ಟು ಮಾಡುವಂಥದ್ದು. ಗಡ್ಡೆ ನರದ ಮೇಲಿದೆಯಾ ಅಡಿಯಲ್ಲಿದೆಯಾ, ಗಂಟಲ ಕಡೆಗೆ ಇಳಿದಿದೆಯಾ, ಕುತ್ತಿಗೆಯಲ್ಲಿ ಬೇರೆ ಗಂಟಿದೆಯಾ ಎನ್ನುವುದು ಅದರಲ್ಲಿ ಗೊತ್ತಾಗುತ್ತದೆ. ಸಾದಾ ಅಥವಾ ಕೆಟ್ಟದ್ದು ಎಂದು ಮಾತ್ರ ಅದೂ ಖಚಿತವಾಗಿ ಹೇಳುವುದಿಲ್ಲ, ಕೆಳದರ್ಜೆಯ ಕ್ಯಾನ್ಸರ್ ಎಂಆರ್‌ಐನಲ್ಲಿ ಎಷ್ಟೋ ಸಲ ಸಾಧುವಾಗಿ, ಗುಂಡಗೆ, ಅಂಚು ಸ್ಪಷ್ಟವಾಗಿ ಕಾಣುತ್ತದೆ. ಅರ್ಧ ಮುಕ್ಕಾಲು ಗಂಟೆ ಅಲ್ಲಾಡದೆ ಮಲಗಬೇಕು, ಯಂತ್ರ ಢಣಢಣ ಸದ್ದು ಮಾಡುತ್ತದೆ. ಚಿಕ್ಕ ಮಕ್ಕಳಿಗೆ ನಿದ್ದೆ ಔಷಧಿ ಬೇಕು. ಒಂಬತ್ತು ವರ್ಷದವಳು ಹಿಂದಿನ ದಿನ ಮನೆಯಲ್ಲಿ ಮಂಚದ ಕೆಳಗೆ ಮಲಗಿ ಅಭ್ಯಾಸ ಮಾಡಿದರೆ ಹಾಗೇ ಮಾಡಿಸಿಕೊಳ್ಳುತ್ತಾಳೆ. ಸಿಟಿ ಸ್ಕ್ಯಾನ್ ಸುಲಭ, ಅಗ್ಗ, ಐದು ನಿಮಿಷದ ಕೆಲಸ. ಆದರೆ ಅದರಲ್ಲಿ ಎಕ್ಸ್‌ರೇ ಕಿರಣ ಜಾಸ್ತಿ, ಬೆಳೆಯುವ ಮಗುವಿಗೆ ಕಾರಣವಿಲ್ಲದೆ ಬೇಡ. ಎಂಆರ್‌ಐ ಸಿಗದ ಕಡೆ, ಅಥವಾ ಮೂಳೆ ನೋಡಬೇಕಾದಾಗ ಮಾಡುತ್ತೇವೆ. ಇಡೀ ದೇಹದಲ್ಲಿ ಕ್ಯಾನ್ಸರ್ ಹುಡುಕುವ ಪೆಟ್ ಸ್ಕ್ಯಾನ್ ಈ ಹಂತದಲ್ಲಿ ಬೇಕಿಲ್ಲ, ದುಡ್ಡು ದಂಡ. ಈ ಗಡ್ಡೆಯನ್ನು ಪತ್ತೆ ಮಾಡುವ ರಕ್ತಪರೀಕ್ಷೆ ಅಂತ ಯಾವುದೂ ಇಲ್ಲ, ಯಾರಾದರೂ "ಕ್ಯಾನ್ಸರ್ ಪ್ಯಾಕೇಜ್" ಎಂದು ರಕ್ತ ತೆಗೆಯಲು ಬಂದರೆ ಕೈ ಮುಗಿದು ಎದ್ದು ಬನ್ನಿ.

ಆಪರೇಷನ್ನಿಗೆ ಮುಂಚೆ ಇನ್ನೊಂದು ಕೆಲಸವಿದೆ, ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಸೂಜಿ ಪರೀಕ್ಷೆಯ ಗಾಜಿನ ಸ್ಲೈಡುಗಳನ್ನು ಲ್ಯಾಬ್‌ನಿಂದ ಕೇಳಿ ತೆಗೆದುಕೊಂಡು, ಇಂಥ ಗಡ್ಡೆಗಳನ್ನು ಹೆಚ್ಚು ನೋಡುವ ಕಡೆ ಮತ್ತೊಮ್ಮೆ ತೋರಿಸಿ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಸಂಸ್ಥೆಯಲ್ಲೋ ಮುಂಬೈನ ಟಾಟಾ ಮೆಮೋರಿಯಲ್‌ನಲ್ಲೋ ದಿನವೂ ಇದನ್ನೇ ನೋಡುವ ಕಣ್ಣುಗಳಿವೆ. ಕೇಳಿದರೆ ಮೊದಲ ಡಾಕ್ಟರು ಬೇಜಾರಾಗುತ್ತಾರೆ ಎಂಬ ಸಂಕೋಚ ಬೇಡ. ನಾವೂ ನಮ್ಮ ಮನೆಯವರಿಗೆ ಹೀಗೇ ಮಾಡುತ್ತೇವೆ. ಎರಡನೇ ಕಣ್ಣೂ 4ಬಿ ಅಂದರೆ ಮತ್ತೆ ಮತ್ತೆ ಚುಚ್ಚಿಸುವುದರಿಂದ ಹೆಚ್ಚಿನ ಲಾಭವಿಲ್ಲ.

ಕೊನೆಗೆ ಉಳಿಯುವುದು ಆ "ದೊಡ್ಡ ಆಪರೇಷನ್". ಗಡ್ಡೆಯನ್ನು ಅದರ ಸುತ್ತಲಿನ ಗ್ರಂಥಿಯ ಭಾಗದೊಂದಿಗೆ, ನರವನ್ನು ಬಿಡಿಸಿ ಉಳಿಸಿ, ಒಂದೇ ತುಂಡಾಗಿ ತೆಗೆಯುವುದು. ವಿಚಿತ್ರ ಅನ್ನಿಸಬಹುದು, ಆದರೆ ಈ ಗಡ್ಡೆಗೆ ಆಪರೇಷನ್ನೇ ಪರೀಕ್ಷೆ, ಪರೀಕ್ಷೆಯೇ ಚಿಕಿತ್ಸೆ. ಸಾದಾ ಅಂತ ಬಂದರೂ ಕೆಳದರ್ಜೆಯ ಕ್ಯಾನ್ಸರ್ ಅಂತ ಬಂದರೂ, ಅಂಚು ಸ್ವಚ್ಛವಾಗಿದ್ದರೆ ಬಹುತೇಕ ಕೆಲಸ ಆಗಲೇ ಮುಗಿದಿರುತ್ತದೆ.

ನರದ ವಿಷಯ. ಕಿವಿಯ ಹಿಂದಿನಿಂದ ಬರುವ ಒಂದು ಬೊಡ್ಡೆ, ಗ್ರಂಥಿಯೊಳಗೆ ಐದು ಕೊಂಬೆ. ಹಣೆ ಎತ್ತಲು, ಕಣ್ಣು ಮುಚ್ಚಲು, ಕೆನ್ನೆ ಅರಳಿಸಲು, ಕೆಳತುಟಿ ಇಳಿಸಲು, ಕುತ್ತಿಗೆಯ ಚರ್ಮಕ್ಕೆ. ಎರಡು ವರ್ಷದೊಳಗಿನ ಕೂಸಿನಲ್ಲಿ ಕಿವಿಯ ಹಿಂದಿನ ಮೂಳೆ ಬೆಳೆದಿರುವುದಿಲ್ಲ, ನರ ಚರ್ಮದ ಅಡಿಯಲ್ಲೇ ಇರುತ್ತದೆ, ಅಲ್ಲಿ ನನಗೂ ಕೈ ನಡುಗುತ್ತದೆ. ಒಂಬತ್ತು ವರ್ಷಕ್ಕೆ ಮೂಳೆ ಬೆಳೆದು ನರ ಆಳಕ್ಕೆ ಹೋಗಿರುತ್ತದೆ, ಹುಡುಕುವ ಗುರುತುಗಳು ದೊಡ್ಡವರಲ್ಲಿರುವಂತೆಯೇ. ಈಗ ನರವನ್ನು ಮುಟ್ಟಿದರೆ ಸದ್ದು ಮಾಡುವ ಯಂತ್ರವೂ ಇದೆ, ಆ ಯಂತ್ರ ಇದೆಯಾ ಎಂದು ಧಾರಾಳವಾಗಿ ಕೇಳಿ. ಆದರೂ ನರವನ್ನು ಬಿಡಿಸುವಾಗ ಅದು ಮುನಿಸಿಕೊಳ್ಳುತ್ತದೆ. ಆಪರೇಷನ್ ಆದ ಮೇಲೆ ಕೆಲವು ವಾರ, ಕೆಲವು ತಿಂಗಳು ತುಟಿಯ ಒಂದು ತುದಿ ಸೊಟ್ಟಗಾಗುವುದು ಅಪರೂಪವಲ್ಲ. ಬಹುತೇಕ ಅದು ಸರಿಹೋಗುತ್ತದೆ. ಶಾಶ್ವತವಾಗಿ ಉಳಿಯುವುದು ಕೆಲವೇ ಮಂದಿಯಲ್ಲಿ. ಗಡ್ಡೆ ನರವನ್ನೇ ಸುತ್ತಿ ಹಿಡಿದಿದ್ದರೆ ಮಾತ್ರ ಬೇರೆ ಮಾತು, ಅದರ ಸುಳಿವು ಸಾಮಾನ್ಯವಾಗಿ ಮೊದಲೇ ಸಿಗುತ್ತದೆ, ಮುಖ ಆಪರೇಷನ್ನಿಗೆ ಮುಂಚೆಯೇ ಸೋತಿರುತ್ತದೆ.

ಉಳಿದ ತೊಂದರೆಗಳು ಸಣ್ಣವು, ಆದರೆ ಯಾರೂ ಮೊದಲೇ ಹೇಳದೆ ಆಮೇಲೆ ಗಾಬರಿಯಾಗುತ್ತದೆ. ಕಿವಿಯ ಹಾಲೆ ಮರಗಟ್ಟುತ್ತದೆ, ಓಲೆ ಹಾಕುವಾಗ ತಿಳಿಯುವುದಿಲ್ಲ. ಕೆಲವರಿಗೆ ಊಟ ಮಾಡುವಾಗ ಆ ಕೆನ್ನೆ ಬೆವರುತ್ತದೆ, ಜೊಲ್ಲಿಗೆ ಹೋಗಬೇಕಿದ್ದ ನರದ ಎಳೆಗಳು ದಾರಿ ತಪ್ಪಿ ಬೆವರಿನ ಗ್ರಂಥಿಗೆ ಸೇರಿಕೊಳ್ಳುವುದರಿಂದ. ದವಡೆಯ ಹಿಂದೆ ಸ್ವಲ್ಪ ತಗ್ಗು ಕಾಣಬಹುದು. ಬಾಯಿ ಒಣಗುವುದಿಲ್ಲ, ಉಳಿದ ಐದು ಗ್ರಂಥಿ ಇವೆಯಲ್ಲ. ಗಾಯದ ಗೆರೆ ಕಿವಿಯ ಮುಂದಿನ ಮಡಿಕೆಯಲ್ಲಿ ಇಳಿದು ಕಿವಿಯ ಹಿಂದೆ ಹೋಗಿ ಕೂದಲಲ್ಲಿ ಮುಚ್ಚಿಹೋಗುವಂತೆ ಹಾಕಬಹುದು. "ಹೆಣ್ಣುಮಗು" ಅಂತ ನೀವು ಬರೆದದ್ದು ಅರ್ಥವಾಗುತ್ತದೆ, ಮನೆಯಲ್ಲಿ ಆ ಮಾತು ಯಾರ ಬಾಯಿಂದ ಬಂದಿರಬಹುದು ಅನ್ನುವುದೂ. ಜಡೆ ಹಾಕಿದರೆ ಹುಡುಕಿದರೂ ಕಾಣದ ಗೆರೆಗೆ ಹೆದರಿ ಗಡ್ಡೆ ಬೆಳೆಯಲು ಬಿಡಬೇಡಿ ಎಂದು ಅವರಿಗೆ ನನ್ನ ಹೆಸರಿನಲ್ಲೇ ಹೇಳಿ.

ತೆಗೆದ ಗಡ್ಡೆಯ ವರದಿ ಬರಲು ವಾರ, ಹತ್ತು ದಿನ. ಅನುಮಾನವಿದ್ದರೆ ಜೀನ್ ಪರೀಕ್ಷೆಗೆ ಕಳಿಸುತ್ತಾರೆ, ಈ ಗಡ್ಡೆಗಳಲ್ಲಿ ಕೆಲವಕ್ಕೆ ತಮ್ಮದೇ ಗುರುತಿನ ಚೀಟಿ ಇದೆ. ಮೇಲ್ದರ್ಜೆಯ ಕ್ಯಾನ್ಸರ್ ಎಂದು ಬಂದರೆ, ಅಥವಾ ಅಂಚಿನಲ್ಲಿ ಉಳಿದಿದ್ದರೆ, ಕುತ್ತಿಗೆಯ ಗ್ರಂಥಿಗೆ ಹೋಗಿದ್ದರೆ, ಆಗ ಕುತ್ತಿಗೆಯ ಆಪರೇಷನ್, ರೇಡಿಯೇಷನ್ ಎಂಬ ಚರ್ಚೆ. ಮಕ್ಕಳಿಗೆ ರೇಡಿಯೇಷನ್ ಕೊಡಲು ನಾವು ಬಹಳ ಹಿಂದೆ ಮುಂದೆ ನೋಡುತ್ತೇವೆ. ದವಡೆ ಬೆಳೆಯುವುದು ಕುಂಠಿತವಾಗುತ್ತದೆ, ಹಲ್ಲು ಕೆಡುತ್ತದೆ, ಮುಂದೆಂದೋ ಅಲ್ಲೇ ಇನ್ನೊಂದು ಕ್ಯಾನ್ಸರ್ ಬರಬಹುದು. ಯಾವುದೇ ವರದಿ ಬಂದರೂ ವರ್ಷ ವರ್ಷ ತೋರಿಸುವುದನ್ನು ಬಿಡುವ ಹಾಗಿಲ್ಲ, ಸಾದಾ ಗಡ್ಡೆಯೂ ಹತ್ತು ವರ್ಷ ಬಿಟ್ಟು ಮರಳಿದ್ದನ್ನು ನೋಡಿದ್ದೇನೆ.

ಮೊಬೈಲ್ ಬಗ್ಗೆ ಕೇಳಿದ್ದಿರಿ. ಮೊಬೈಲಿನಿಂದ ಈ ಗಡ್ಡೆ ಬರುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ. ಅವಳು ನೋಡುತ್ತಾಳೆ, ಕಿವಿಗೆ ಹಿಡಿದು ಗಂಟೆಗಟ್ಟಲೆ ಮಾತಾಡುವುದಿಲ್ಲ ಅಲ್ವಾ? ಮೊಬೈಲ್ ಕಡಿಮೆ ಮಾಡಿಸಬೇಕಾದರೆ ಕಣ್ಣು, ನಿದ್ದೆ, ಓದು ಎಂದು ಬೇರೆ ನೂರು ಕಾರಣ ಕೊಡಿ, ಗಂಟಿನ ಪಾಪವನ್ನು ಮಗುವಿನ ತಲೆಗೆ ಕಟ್ಟಬೇಡಿ. ಖಚಿತವಾಗಿ ಗೊತ್ತಿರುವ ಒಂದು ಕಾರಣ, ಹಿಂದೆ ಬೇರೆ ಕ್ಯಾನ್ಸರ್‌ಗೆ ತಲೆ, ಕುತ್ತಿಗೆಗೆ ರೇಡಿಯೇಷನ್ ಆಗಿರುವುದು. ಅದಿಲ್ಲದ ಮಕ್ಕಳಲ್ಲಿ ಯಾಕೆ ಬಂತು ಎನ್ನುವುದಕ್ಕೆ ಉತ್ತರವಿಲ್ಲ. ಹಾಲು ಕುಡಿಸಿದ್ದು, ಕಿವಿ ಚುಚ್ಚಿಸಿದ್ದು, ಗ್ರಹಣದಲ್ಲಿ ಹೊರಗೆ ಬಂದದ್ದು, ಯಾವುದೂ ಅಲ್ಲ.

ಸಮಯದ ಲೆಕ್ಕ. ಇದು ಇಂದು ರಾತ್ರಿಯೇ ಓಡಬೇಕಾದ ತುರ್ತಲ್ಲ. ಎರಡು ಮೂರು ವಾರದಲ್ಲಿ ಎಂಆರ್‌ಐ, ಸ್ಲೈಡ್ ಎರಡೂ ಮುಗಿಸಿ, ಒಂದೆರಡು ತಿಂಗಳೊಳಗೆ ಆಪರೇಷನ್ ಆದರೆ ಸಾಕು. ಈ ನಡುವೆ ಗಂಟು ದಿಢೀರನೆ ದೊಡ್ಡದಾದರೆ, ಬಿಡದೆ ನೋಯತೊಡಗಿದರೆ, ಮೇಲಿನ ಚರ್ಮ ಅಂಟಿಕೊಂಡರೆ, ಬಾಯಿ ಪೂರ್ತಿ ತೆರೆಯಲಾಗದಿದ್ದರೆ, ಕಣ್ಣು ಮುಚ್ಚುವುದು ನಿಧಾನವಾದರೆ, ವಾರ ಕಾಯಬೇಡಿ, ಮರುದಿನವೇ ಹೋಗಿ. ಸರ್ಜನ್‌ಗೆ ನೀವು ಕೇಳಬೇಕಾದ ಪ್ರಶ್ನೆ ಒಂದೇ: "ಪೆರೋಟಿಡ್ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ, ಅದರಲ್ಲಿ ಮಕ್ಕಳದು ಎಷ್ಟು?" ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಮಕ್ಕಳಿಗೆ ಅರಿವಳಿಕೆ ಕೊಡುವ ಅನುಭವಿ ಡಾಕ್ಟರು ಅಲ್ಲಿರಬೇಕು. ಖರ್ಚಿನ ಚಿಂತೆಯಿದ್ದರೆ ಬಿಪಿಎಲ್ ಕಾರ್ಡಿದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ರೆಫರಲ್ ವಿಚಾರಿಸಿ.

ಇನ್ನು ಮಗಳಿಗೆ ಏನು ಹೇಳುವುದು? ನಿಜವನ್ನೇ ಹೇಳಿ, ಅವಳ ಅಳತೆಗೆ. ಕಿವಿ ಹತ್ತಿರ ಒಂದು ಗಂಟು ಬೆಳೆದಿದೆ, ಅದು ತಾನಾಗಿ ಹೋಗುವುದಿಲ್ಲ, ಡಾಕ್ಟರು ನಿದ್ದೆ ಮಾಡಿಸಿ ತೆಗೆಯುತ್ತಾರೆ, ನಿನ್ನ ತಪ್ಪಿನಿಂದ ಬಂದದ್ದಲ್ಲ. ಏನೂ ಇಲ್ಲ ಅಂತ ಮಾತ್ರ ಹೇಳಬೇಡಿ, ಒಂಬತ್ತು ವರ್ಷದವರಿಗೆ ಅಡುಗೆಮನೆಯ ಪಿಸುಮಾತು ಪೂರ್ತಿ ಕೇಳಿಸುತ್ತದೆ. ಆಮೇಲೆ ಅವಳನ್ನು ಕನ್ನಡಿ ಮುಂದೆ ನಿಲ್ಲಿಸಿ ಹುಬ್ಬು ಎತ್ತುವುದು, ಕಣ್ಣು ಬಿಗಿಯಾಗಿ ಮುಚ್ಚುವುದು, ಕೆನ್ನೆಯಲ್ಲಿ ಗಾಳಿ ತುಂಬುವುದು, ಹಲ್ಲು ಕಾಣುವಂತೆ ನಗುವುದು, ಸೀಟಿ ಹೊಡೆಯುವುದು, ಈ ಐದನ್ನೂ ಮಾಡಿಸಿ ಮೊಬೈಲಿನಲ್ಲಿ ಒಂದು ವಿಡಿಯೋ ತೆಗೆದಿಟ್ಟುಕೊಳ್ಳಿ. ಆಪರೇಷನ್ ಆದ ಮರುದಿನ ಬೆಳಿಗ್ಗೆ ರೌಂಡ್ಸಿಗೆ ಬರುವ ಡಾಕ್ಟರು ಅವಳಿಗೆ ಮೊದಲು ಹೇಳುವುದು ಇದೇ ಐದನ್ನು ಮಾಡು ಅಂತ, ಆಗ ಹೋಲಿಸಿ ನೋಡಲು ಆ ವಿಡಿಯೋ ಬೇಕಾಗುತ್ತದೆ.